ಸಹಾಯ ಬೇಕು: ಲೈಸೆನ್ಸ್ ಬೇಡದ ಇ-ಸ್ಕೂಟರ್ ತಾಸಿಗೆ 38 ಕಿ.ಮೀ. ಓಡ್ತದ, ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿಯೊಳಗ 16 ವರ್ಷದ ಹುಡುಗಿ ಟ್ಯೂಷನ್‌ಗೆ ಓಡಿಸಲಿಕ್ಕೆ ತಗೊಂಡ ಸೆಕೆಂಡ್ ಹ್ಯಾಂಡ್ ಇ-ಸ್ಕೂಟರ್ ಅದ. ನಂಬರ್ ಪ್ಲೇಟ್ ಇಲ್ಲ. ಕಂಪನಿ ಹಚ್ಚಿದ ವಿವರದ ಪಟ್ಟಿ ಮ್ಯಾಲ 250 ವ್ಯಾಟ್, ತಾಸಿಗೆ 25 ಕಿ.ಮೀ. ಅಂತ ಬರೆದದ, ಆದ್ರ ಜಿಪಿಎಸ್‌ನಾಗ 38 ತೋರಸ್ತದ.

ನಿಯಮ ಗೊತ್ತದ: ಮೋಟಾರು 30 ನಿಮಿಷ ಸತತ ಕೊಡೋ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ 25ಕ್ಕಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗ, ಜೊತಿಗೆ ಪರೀಕ್ಷಾ ಸಂಸ್ಥೆಯ ಟೈಪ್ ಅಪ್ರೂವಲ್ (ಆ ಮಾಡೆಲ್ ಪರೀಕ್ಷೆ ಮಾಡಿ ಕೊಡೋ ಒಪ್ಪಿಗಿ). ಇಷ್ಟಿದ್ರ ನೋಂದಣಿ, ಲೈಸೆನ್ಸ್ ಬೇಡ. ಒಂದು ತಪ್ಪಿದ್ರೂ ಅದು ಮೋಟಾರು ವಾಹನನೇ.

ಕಂಟ್ರೋಲರ್ (ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನಿಯಂತ್ರಿಸೋ ಪೆಟ್ಟಿಗಿ) ಬಿಚ್ಚಿ ನೋಡಿದ್ರ ಸ್ಪೀಡ್ ಲಿಮಿಟ್ ವೈರ್ ಕತ್ತರಿಸಿತ್ತು. ಮತ್ತ ಜೋಡಿಸಿದ ಮ್ಯಾಲೂ 33 ಬರ್ತದ. ಕಂಟ್ರೋಲರೇ ಬದಲಾಗ್ಯದ, 48 ವೋಲ್ಟ್ 25 ಆಂಪ್ಸ್ ಅಂತದ. ಅಂದ್ರ 1,200 ವ್ಯಾಟ್ ತನಕ ಎಳೀತದ. ಸಣ್ಣ ಮೋಟಾರು, ತೆಳು ವೈರು, ಈ ಊರಿನ ಬ್ಯಾಸಗಿ ಬಿಸಲು. ಬೆಂಕಿ ಹತ್ತೋ ಭಯ ಅದ. ಅದಕ್ಕ ಗಾಡಿ ಸದ್ಯ ಓಡಿಸದ ನಿಲ್ಲಿಸೇವಿ.

ಕಂಪನಿಯ ಮೂಲ ಕಂಟ್ರೋಲರ್ ಹಾಕಿಸಿ ವೇಗ 25ರ ಒಳಗ ತಂದ್ರ ಹಳೆ ಟೈಪ್ ಅಪ್ರೂವಲ್ ಸಾಕೇನ್ರಿ? ಅಥವಾ ಆರ್‌ಟಿಒದಾಗ ತಪಾಸಣೆ ಮಾಡಿಸಿ ಕಾಗದ ತಗೋಬೇಕಾ? ಟ್ರಾಫಿಕ್ ಪೊಲೀಸರು ತಡೆದ್ರ ಯಾವ ಕಾಗದ ತೋರಿಸಬೇಕು?