1969ರ ಷೆವೆಲ್ ಎಸ್‌ಎಸ್ 396 ನೋಡಲು ಹೋಗುತ್ತಿದ್ದೇನೆ, ಏನೇನು ನೋಡಬೇಕು?

ಪ್ರಶ್ನೆ

ನಮಸ್ಕಾರ. ನಾನು ಮಿಷಿಗನ್‌ನಲ್ಲಿ ಡೆಟ್ರಾಯ್ಟ್ ಹತ್ತಿರ ಇದ್ದೇನೆ. ಪ್ರತಿ ಆಗಸ್ಟ್‌ನಲ್ಲೂ ವುಡ್‌ವರ್ಡ್ ರಸ್ತೆಯ ಡ್ರೀಮ್ ಕ್ರೂಸ್ (ಹಳೇ ಕಾರುಗಳ ಮೆರವಣಿಗೆ) ನೋಡಿ ನೋಡಿ ಹುಚ್ಚು ಹಿಡಿದಿದೆ, ಈ ಸಲ ಒಂದು ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್‌ನ ಹಳೇ ಅಮೆರಿಕನ್ ಕಾರು, ತಗೊಳ್ಳಲೇಬೇಕು. ಓಹಾಯೋದಲ್ಲಿ ಒಂದು 1969ರ ಷೆವರ್ಲೆ ಷೆವೆಲ್ ಎಸ್‌ಎಸ್ 396 ಮಾರಾಟಕ್ಕಿದೆ. ಎರಡು ಬಾಗಿಲಿನ ಹಾರ್ಡ್‌ಟಾಪ್, ಕೆಂಪು ಬಣ್ಣ, ಮೇಲೆ ಕಪ್ಪು ವಿನೈಲ್ ರೂಫ್, ನಾಲ್ಕು ಗೇರಿನ ಮ್ಯಾನುಯಲ್. "ನಂಬರ್ಸ್ ಮ್ಯಾಚಿಂಗ್, ಪೂರ್ತಿ ರೆಸ್ಟೋರ್ ಆಗಿದೆ" ಅಂತ ಜಾಹೀರಾತು. 62 ಸಾವಿರ ಡಾಲರ್ ಕೇಳುತ್ತಿದ್ದಾರೆ. ಫೋಟೋದಲ್ಲಿ ಫಳಫಳ ಹೊಳೆಯುತ್ತಿದೆ. ನನಗೆ ಬುಲೆಟ್ ಬಿಚ್ಚಿ ಜೋಡಿಸುವಷ್ಟು ಮೆಕ್ಯಾನಿಕ್ ಕೆಲಸ ಗೊತ್ತು, ಈ ಕಾರುಗಳ ಬಗ್ಗೆ ಏನೂ ಗೊತ್ತಿಲ್ಲ. ಶನಿವಾರ ನೋಡಲು ಹೋಗುತ್ತಿದ್ದೇನೆ. ಗ್ರೂಪಿನಲ್ಲಿ ಹಳೇ ಅಮೆರಿಕನ್ ಗಾಡಿಗಳ ಕೆಲಸ ಮಾಡುವ ಸರ್ ಇದ್ದಾರಲ್ಲ, ದಯವಿಟ್ಟು ಹೇಳಿ.

ಉತ್ತರ

ಶನಿವಾರದವರೆಗೆ ಕಾಯಬೇಡಿ. ಇವತ್ತೇ ಫೋನ್ ಮಾಡಿ ಮೂರು ಫೋಟೋ ಕೇಳಿ: ವಿಂಡ್‌ಶೀಲ್ಡ್ ಒಳಗೆ ಡ್ರೈವರ್ ಕಡೆ ಡ್ಯಾಶ್ ಮೇಲಿರುವ ವಿನ್ ಪ್ಲೇಟ್ (ವಿನ್ ಅಂದರೆ ಕಾರಿನ ಗುರುತಿನ ನಂಬರ್), ಬಾನೆಟ್ ಎತ್ತಿದರೆ ಹಿಂದಿನ ಗೋಡೆಯ ಮೇಲೆ ಕಾಣುವ ಟ್ರಿಮ್ ಟ್ಯಾಗ್ (ಬಾಡಿಯ ವಿವರ ಒತ್ತಿದ ಸಣ್ಣ ಫಲಕ), ಮತ್ತೆ ಎಂಜಿನ್ ಮೇಲೆ ಒತ್ತಿರುವ ನಂಬರ್. ಇದನ್ನು ಕಳಿಸಲು ಹಿಂದೆ ಮುಂದೆ ನೋಡಿದರೆ ಪೆಟ್ರೋಲ್ ಉಳಿಯಿತು ಅಂದುಕೊಳ್ಳಿ.

ಈಗ ಮುಖ್ಯ ವಿಷಯ. ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್, 396 ಅಂದರೆ ಘನ ಇಂಚಿನಲ್ಲಿ ಎಂಜಿನ್‌ನ ಗಾತ್ರ. 1966ರಿಂದ 68ರವರೆಗೆ ಎಸ್‌ಎಸ್ 396 ಅನ್ನುವುದು ಬೇರೆಯದೇ ಸೀರೀಸ್ ಆಗಿತ್ತು, ವಿನ್ 138 ಅಂತ ಶುರುವಾದರೆ ಅದು ಹುಟ್ಟು ಎಸ್‌ಎಸ್. 1969ರಲ್ಲಿ ಷೆವರ್ಲೆಯವರು ಅದನ್ನು ಬರೀ ಆಪ್ಷನ್ ಪ್ಯಾಕೇಜ್ ಮಾಡಿಬಿಟ್ಟರು, ಕೋಡ್ ಝಡ್25. ಹಾಗಾಗಿ ನಿಮ್ಮ ಕಾರಿನ ವಿನ್ 136379 ಅಂತ ಶುರುವಾದರೆ ಅದರ ಅರ್ಥ ಇಷ್ಟೇ: 1 ಅಂದರೆ ಷೆವರ್ಲೆ, 36 ಅಂದರೆ ವಿ8 (ಎಂಟು ಸಿಲಿಂಡರ್) ಎಂಜಿನ್ ಇರುವ ಮಾಲಿಬು, ಅಂದರೆ ಷೆವೆಲ್‌ನ ಒಂದು ದರ್ಜೆ, 37 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್, 9 ಅಂದರೆ 1969. ಎಸ್‌ಎಸ್ ಹೌದೋ ಅಲ್ಲವೋ ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ. ಟ್ರಿಮ್ ಟ್ಯಾಗ್‌ನಲ್ಲೂ ಇಲ್ಲ. ಆದರೆ ಒಂದು ಉಪಯೋಗ ಇದೆ, ವಿನ್ 135 ಅಂತ ಶುರುವಾದರೆ ಅದು ಆರು ಸಿಲಿಂಡರ್ ಕಾರಾಗಿ ಫ್ಯಾಕ್ಟರಿಯಿಂದ ಹೊರಗೆ ಬಂದದ್ದು, ಆಮೇಲೆ ಯಾರು ಎಷ್ಟು ಬ್ಯಾಡ್ಜ್ ಅಂಟಿಸಿದರೂ ಎಸ್‌ಎಸ್ ಆಗಲ್ಲ. ಅಲ್ಲಿಗೆ ಮಾತು ಮುಗೀತು.

ಇದಕ್ಕೇ 69ರ ಷೆವೆಲ್‌ನಲ್ಲಿ ಕ್ಲೋನ್‌ಗಳು ಜಾಸ್ತಿ. ಸಾಮಾನ್ಯ ಮಾಲಿಬು ತಗೊಂಡು ಕಪ್ಪು ಗ್ರಿಲ್, ಬ್ಯಾಡ್ಜ್, ಬಾನೆಟ್, ಎಸ್‌ಎಸ್ ವೀಲ್ ಎಲ್ಲ ಹಾಕಿದರೆ ಕಣ್ಣಿಗೆ ವ್ಯತ್ಯಾಸ ಕಾಣಲ್ಲ, ಈ ಸಾಮಾನೆಲ್ಲ ಹೊಸದಾಗಿ ಕ್ಯಾಟಲಾಗ್‌ನಲ್ಲೇ ಸಿಗುತ್ತದೆ. ಕ್ಲೋನ್ ಅಂದ ಮಾತ್ರಕ್ಕೆ ಕೆಟ್ಟ ಕಾರು ಅಂತಲ್ಲ, ಓಡಿಸಲು ಅಷ್ಟೇ ಮಜಾ. ಕ್ಲೋನ್‌ಗೆ ಕ್ಲೋನ್ ರೇಟು ಕೊಡಿ, ಅಷ್ಟೇ ನನ್ನ ತಕರಾರು. ಮಾರುವವರು ಏನು ಹೇಳುತ್ತಾರೆ ಅನ್ನುವುದಕ್ಕಲ್ಲ, ಏನು ತೋರಿಸುತ್ತಾರೆ ಅನ್ನುವುದಕ್ಕೆ ದುಡ್ಡು.

ಹಾಗಾದರೆ ಎಸ್‌ಎಸ್ ಅಂತ ಹೇಗೆ ಸಾಬೀತು ಮಾಡೋದು? ಕಾಗದ. ಒಂದು, ಬಿಲ್ಡ್ ಶೀಟ್. ಫ್ಯಾಕ್ಟರಿಯಲ್ಲಿ ಕಾರಿನ ಜೊತೆ ಹೋಗುತ್ತಿದ್ದ ಹಾಳೆ, ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಮೇಲೆ ಅಥವಾ ಸೀಟಿನ ಸ್ಪ್ರಿಂಗ್ ನಡುವೆ ಸಿಕ್ಕಿಕೊಂಡು ಉಳಿದಿರುತ್ತದೆ. ಎರಡು, ಆಗಿನ ವಾರಂಟಿ ಪುಸ್ತಕದಲ್ಲಿ ಬರುತ್ತಿದ್ದ ಪ್ರೊಟೆಕ್ಟ್-ಒ-ಪ್ಲೇಟ್ ಅನ್ನುವ ಸಣ್ಣ ಲೋಹದ ತುಂಡು, ಅದರಲ್ಲಿ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಕೋಡ್‌ಗಳು ಉಬ್ಬಚ್ಚಾಗಿರುತ್ತವೆ. ಮೂರು, ಕಿಟಕಿಗೆ ಅಂಟಿಸಿದ್ದ ಬೆಲೆಪಟ್ಟಿ ಅಥವಾ ಮೊದಲ ಓನರ್‌ನ ಬಿಲ್. ಇಲ್ಲಿ ಒಂದು ಎಚ್ಚರಿಕೆ, ಬಿಲ್ಡ್ ಶೀಟ್‌ನ ನಕಲೂ ಮಾಡುತ್ತಾರೆ. ಐವತ್ತಕ್ಕೂ ಹೆಚ್ಚು ವರ್ಷ ಟ್ಯಾಂಕ್ ಮೇಲೆ ಬಿದ್ದಿದ್ದ ಹಾಳೆ ಇಸ್ತ್ರಿ ಮಾಡಿದ ಹಾಗೆ ಇದ್ದರೆ ನಂಬಬೇಡಿ.

ಕಾಗದ ಏನೂ ಇಲ್ಲ ಅಂದರೆ ಕಾರಿನ ಮೈಯಲ್ಲಿ ಗುರುತು ಹುಡುಕಬೇಕು. 69ರ ಎಸ್‌ಎಸ್ ಪ್ಯಾಕೇಜ್‌ನಲ್ಲಿ ಮುಂದಿನ ಪವರ್ ಡಿಸ್ಕ್ ಬ್ರೇಕ್ ಸೇರಿತ್ತು, ಡ್ರಮ್ ಇದ್ದರೆ ಯಾಕೆ ಅಂತ ಕೇಳಿ. ಹಿಂದಿನ ಆಕ್ಸಲ್‌ನ ಹೌಸಿಂಗ್ ಕವರ್‌ನ ಬೋಲ್ಟ್ ಎಣಿಸಿ, 12 ಇರಬೇಕು, 10 ಇದ್ದರೆ ಅನುಮಾನ. ಟ್ಯಾಂಕಿನಿಂದ ಬರುವ ಪೆಟ್ರೋಲ್ ಪೈಪ್ 396 ಕಾರುಗಳಲ್ಲಿ 3/8 ಇಂಚಿನದು. ಸಣ್ಣ ವಿ8 ಕಾರುಗಳಲ್ಲಿ ಸಾಮಾನ್ಯವಾಗಿ 5/16. ಈ ಪೈಪನ್ನು ಬದಲಿಸಲು ಕ್ಲೋನ್ ಮಾಡುವವರು ಎಷ್ಟೋ ಸಲ ಮರೆಯುತ್ತಾರೆ, ನನಗಂತೂ ಇಷ್ಟದ ಗುರುತು. ಇವೆಲ್ಲ ಇದ್ದರೂ ಪೂರ್ತಿ ಸಾಬೀತಾಗಲ್ಲ. ಒಂದೇ ಒಂದು ಇಲ್ಲದಿದ್ದರೂ ರೇಟು ಇಳಿಸಲು ಅದು ಸಾಕು.

ಪ್ರಶ್ನೆ ಕೇಳಿದವರು

ಸರ್, ಫೋಟೋ ಕಳಿಸಿದ್ದಾರೆ. ವಿನ್ 136379ಬಿ ಅಂತ ಶುರುವಾಗುತ್ತದೆ. ಟ್ಯಾಗ್‌ನಲ್ಲಿ 03ಬಿ ಅಂತಿದೆ. ಎಂಜಿನ್ ಫೋಟೋ ಇಲ್ಲ, "ಬಂದಾಗ ನೋಡಿ" ಅಂದರು. ಬಿಲ್ಡ್ ಶೀಟ್ ಇಲ್ಲವಂತೆ. ಎಂಜಿನ್‌ನಲ್ಲಿ ಏನು ನೋಡಬೇಕು?

ಉತ್ತರ

ಬಿ ಅಂದರೆ ಬಾಲ್ಟಿಮೋರ್ ಫ್ಯಾಕ್ಟರಿ. 03ಬಿ ಅಂದರೆ ಮಾರ್ಚ್ ತಿಂಗಳ ಎರಡನೇ ವಾರ ಬಾಡಿ ತಯಾರಾಗಿದೆ. ಈ ದಿನಾಂಕ ಬರೆದಿಟ್ಟುಕೊಳ್ಳಿ, ಎಲ್ಲ ಲೆಕ್ಕ ಇದರ ಮೇಲೆ.

ಎಂಜಿನ್‌ನ ಮುಂಭಾಗ, ಪ್ಯಾಸೆಂಜರ್ ಕಡೆ, ಹೆಡ್‌ನ ಮುಂದೆಯೇ ಒಂದು ಸಣ್ಣ ಸಪಾಟು ಜಾಗ ಇರುತ್ತದೆ. ಅಲ್ಲಿ ಎರಡು ನಂಬರ್ ಇರಬೇಕು. ಒಂದು ಟಿ ಅಕ್ಷರದಿಂದ ಶುರು, ಆಮೇಲೆ ತಿಂಗಳು ದಿನ, ಕೊನೆಗೆ ಎರಡು ಅಕ್ಷರದ ಕೋಡ್. ಟಿ ಅಂದರೆ ನ್ಯೂಯಾರ್ಕ್ ರಾಜ್ಯದ ಟೋನವಾಂಡಾ, 396 ಎಂಜಿನ್ ಅಲ್ಲಿಯದು. ವಿ ಅಂತಿದ್ದರೆ ಅದು ಫ್ಲಿಂಟ್‌ನ ಸಣ್ಣ ಎಂಜಿನ್. ಉದಾಹರಣೆಗೆ ಟಿ0220 ಅಂದರೆ ಫೆಬ್ರವರಿ 20, ಮಾರ್ಚ್ ಕಾರಿಗೆ ಸರಿಹೋಗುತ್ತದೆ. ಟಿ0415 ಅಂತಿದ್ದರೆ ಕಾರು ಹುಟ್ಟಿದ ಮೇಲೆ ಎಂಜಿನ್ ಹುಟ್ಟಿದೆ ಅಂತಾಯಿತು, ನಗುತ್ತಾ ವಾಪಸ್ ಬನ್ನಿ. ಎರಡನೇ ನಂಬರ್ 19ಬಿ ಅಂತ ಶುರುವಾಗಿ ಕಾರಿನ ವಿನ್‌ನ ಕೊನೆಯ ಆರು ಅಂಕಿ ಇರಬೇಕು. ಅದೇ ನಂಬರ್ ಗೇರ್‌ಬಾಕ್ಸ್ ಮೇಲೂ ಇರಬೇಕು. ನಂಬರ್ಸ್ ಮ್ಯಾಚಿಂಗ್ ಅಂದರೆ ಇದು. ಬರೀ 396 ಎಂಜಿನ್ ಕೂತಿದೆ ಅನ್ನುವುದನ್ನೇ ಕೆಲವರು ನಂಬರ್ಸ್ ಮ್ಯಾಚಿಂಗ್ ಅಂತ ಮಾರುತ್ತಾರೆ.

ಆ ಜಾಗಕ್ಕೆ ಟಾರ್ಚ್ ಅಡ್ಡಲಾಗಿ ಹಿಡಿದು ನೋಡಿ. ಫ್ಯಾಕ್ಟರಿ ಮೆಷಿನ್‌ನ ಸಣ್ಣ ಸಣ್ಣ ಗೆರೆಗಳು ಎಂಜಿನ್‌ನ ಮುಂದಿನಿಂದ ಹಿಂದಕ್ಕೆ ಉದ್ದಕ್ಕೆ ಕಾಣಬೇಕು. ಜಾಗ ನುಣ್ಣಗಿದ್ದರೆ, ಅಥವಾ ಗೆರೆ ವೃತ್ತಾಕಾರ ಇದ್ದರೆ ಯಾರೋ ಉಜ್ಜಿದ್ದಾರೆ. ರೀಬಿಲ್ಡ್ ಮಾಡುವಾಗ ಬ್ಲಾಕ್‌ನ ಮೇಲ್ಮೈ ಕೊಯ್ದರೂ ಹಾಗಾಗುತ್ತದೆ, ಎಲ್ಲವೂ ಮೋಸ ಅಂತಲ್ಲ. ಆದರೆ ನುಣ್ಣಗಿನ ಜಾಗದ ಮೇಲೆ ಹೊಸದಾಗಿ ನಂಬರ್ ಕುಟ್ಟಿದ್ದರೆ ಅದು ಸುಳ್ಳು ನಂಬರ್ ಅಂತಲೇ ಲೆಕ್ಕ.

ಇನ್ನು ಎಂಜಿನ್‌ನ ಆರೋಗ್ಯ. ಫೋನ್‌ನಲ್ಲೇ ಹೇಳಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಬಾನೆಟ್ ಮುಟ್ಟಿ, ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಹಿಂದೆ ನಿಲ್ಲಿ. ಒಂದೆರಡು ಸೆಕೆಂಡ್ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಸಣ್ಣ ಕೆಲಸ. ಓಡುತ್ತಿರುವಾಗ ನಿಲ್ಲದೆ ನೀಲಿ ಬಂದರೆ ರಿಂಗ್. ಬಿಳಿ ಹೊಗೆ ಬಿಡದೆ ಬಂದು ಸಿಹಿ ವಾಸನೆ ಇದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಒಪ್ಪಿದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎಂಟೂ ಸಿಲಿಂಡರ್‌ನಲ್ಲಿ ಜಾಸ್ತಿ ಇರುವುದಕ್ಕೂ ಕಮ್ಮಿ ಇರುವುದಕ್ಕೂ ಶೇ. 15ಕ್ಕಿಂತ ಹೆಚ್ಚು ಅಂತರ ಇರಬಾರದು. ಕಮ್ಮಿ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ, ಏರಿದರೆ ರಿಂಗ್ ಸಮಸ್ಯೆ, ಏರದಿದ್ದರೆ ವಾಲ್ವ್. ಬುಲೆಟ್ ಬಿಚ್ಚಿದವರಿಗೆ ಇದು ಹೊಸದಲ್ಲ.

ಓಡಿಸುವಾಗ ಅರ್ಧ ಗಂಟೆಯಾದರೂ ಓಡಿಸಿ. ಸುಮ್ನೆ ಬೀದಿ ಸುತ್ತಿ ಬಂದರೆ ಏನೂ ಗೊತ್ತಾಗಲ್ಲ. ಪೂರ್ತಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಪ್ರೆಷರ್ ಬೀಳುತ್ತದೆಯಾ, ಟೆಂಪರೇಚರ್ ಏರುತ್ತದೆಯಾ ನೋಡಿ. ಗೇರಿನಲ್ಲಿ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಗೇರ್ ತಾನಾಗಿ ಹೊರಗೆ ಜಿಗಿದರೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. 325 ಕುದುರೆ ಶಕ್ತಿಯ 396ರ ಕಂಪ್ರೆಷನ್ 10.25ಕ್ಕೆ 1, ಪ್ರೀಮಿಯಂ ಪೆಟ್ರೋಲ್ ಬೇಕೇ ಬೇಕು. ಏರಿನಲ್ಲಿ ಒತ್ತಿದಾಗ ಟಿಣಿಟಿಣಿ ಸದ್ದು ಬರಬಾರದು.

ಇನ್ನೊಬ್ಬ ಸದಸ್ಯರು

ಇಷ್ಟೆಲ್ಲ ಎಂಜಿನ್ ಬಗ್ಗೆ ಆಯ್ತು, ಬಾಡಿ? ಓಹಾಯೋ ಕಾರು ಅಂದರೆ ಚಳಿಗಾಲದ ಉಪ್ಪು ತಿಂದಿರುತ್ತೆ ಅಲ್ವಾ?

ಉತ್ತರ

ಸರಿಯಾಗಿ ಕೇಳಿದಿರಿ. ನನ್ನ ಕೇಳಿದರೆ ಎಂಜಿನ್‌ಗಿಂತ ಬಾಡಿ ಮುಖ್ಯ. 396 ಕೆಟ್ಟರೆ ಎಂಜಿನ್ ಶಾಪ್‌ಗೆ ಕೊಟ್ಟು ಇಷ್ಟು ದುಡ್ಡು ಅಂತ ಮೊದಲೇ ಲೆಕ್ಕ ಹಾಕಬಹುದು. ತುಕ್ಕು ರಿಪೇರಿಗೆ ಆ ಲೆಕ್ಕ ಇಲ್ಲ, ಒಂದು ಕಡೆ ಕತ್ತರಿಸಿದರೆ ಪಕ್ಕದಲ್ಲಿ ಇನ್ನೊಂದು ಸಿಗುತ್ತದೆ.

ನಿಮ್ಮ ಕಾರಿಗೆ ವಿನೈಲ್ ರೂಫ್ ಇದೆ ಅಂದಿರಿ. ನನಗೆ ಮೊದಲ ಅನುಮಾನ ಅಲ್ಲೇ. ಆ ಹೊದಿಕೆಯ ಕೆಳಗೆ ನೀರು ನಿಂತು ತಗಡು ತಿನ್ನುತ್ತದೆ, ಹೊರಗೆ ಕಾಣಲ್ಲ. ಕೈಯಿಂದ ಸವರಿ, ಗುಳ್ಳೆ ಸಿಗುತ್ತದೆಯಾ ನೋಡಿ. ಹಿಂದಿನ ಗಾಜಿನ ಕೆಳಗಿನ ಮೂಲೆಗಳು ಷೆವೆಲ್‌ನ ಹಳೇ ಕಾಯಿಲೆ. ಡಿಕ್ಕಿ ತೆಗೆದು, ಒಳಗೆ ತಲೆ ಹಾಕಿ, ಟಾರ್ಚ್ ಮೇಲಕ್ಕೆ ಬಿಡಿ. ಬೆಳಕು ಹೊರಗೆ ಕಂಡರೆ ಅಥವಾ ಕಂದು ಬಣ್ಣದ ನೀರಿನ ಗೆರೆ ಇಳಿದಿದ್ದರೆ ಗೊತ್ತಾಯಿತಲ್ಲ. ಡಿಕ್ಕಿಯ ಚಾಪೆ ಎತ್ತಿ ನೆಲ ನೋಡಿ, ಎರಡೂ ಪಕ್ಕದ ಗುಂಡಿ ನೋಡಿ. ಹೊಸದಾಗಿ ದಪ್ಪ ಕಪ್ಪು ಅಂಡರ್‌ಕೋಟ್ ಬಳಿದಿದ್ದರೆ ಅದನ್ನು ಕೆರೆಯಲು ಬಿಡುತ್ತಾರಾ ಕೇಳಿ.

ಟಿಂಕರಿಂಗ್ ಹೇಗಾಗಿದೆ ಅಂತ ನೋಡಲು ಪೇಂಟ್ ದಪ್ಪ ಅಳೆಯುವ ಮೀಟರ್ ತಗೊಳ್ಳಿ, ಅಗ್ಗಕ್ಕೆ ಸಿಗುತ್ತದೆ. ಇಲ್ಲದಿದ್ದರೆ ಫ್ರಿಜ್‌ಗೆ ಅಂಟಿಸುವ ತೆಳು ಮ್ಯಾಗ್ನೆಟ್ ಸಾಕು. ಹಿಂದಿನ ಚಕ್ರದ ಸುತ್ತ, ಬಾಗಿಲಿನ ಕೆಳಭಾಗ, ಮುಂದಿನ ಫೆಂಡರ್‌ನ ತುದಿ, ಇಲ್ಲೆಲ್ಲ ಇಟ್ಟು ನೋಡಿ. ಅಂಟದಿದ್ದರೆ ಒಳಗೆ ಪುಟ್ಟಿ. ಮೀಟರ್‌ನಲ್ಲಿ ಮತ್ತೆ ಪೇಂಟ್ ಆದ ಕಾರು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಸಮ ತೋರಿಸಬೇಕು, ಒಂದು ಕಡೆ 10 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ), ಪಕ್ಕದಲ್ಲೇ 45 ಅಂದರೆ ಅಲ್ಲಿ ಏನೋ ತುಂಬಿದ್ದಾರೆ. ಪೇಂಟ್ ಹೊಳೆಯುವುದಕ್ಕೆ ನಾನು ಒಂದು ಮಾರ್ಕೂ ಕೊಡಲ್ಲ.

ಆಮೇಲೆ ಲಿಫ್ಟ್. ಹತ್ತಿರದ ಯಾವುದಾದರೂ ಗ್ಯಾರೇಜ್‌ನಲ್ಲಿ ಅರ್ಧ ಗಂಟೆ ಎತ್ತಿಸಲು ದುಡ್ಡು ಕೊಡಿ. ಷೆವೆಲ್‌ಗೆ ಬೇರೆ ಫ್ರೇಮ್ ಇದೆ, ಬಾಡಿ ಅದರ ಮೇಲೆ ರಬ್ಬರ್ ಇಟ್ಟು ಬೋಲ್ಟ್ ಮಾಡಿರುತ್ತದೆ. ಹಿಂದಿನ ಚಕ್ರದ ಹತ್ತಿರ ಫ್ರೇಮಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಠಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ತುಕ್ಕು. ಪೂರ್ತಿ ರೆಸ್ಟೋರ್ ಆಗಿದೆ ಅಂತಾರಲ್ಲ, ಬಾಡಿ ಬಿಚ್ಚಿದಾಗಿನ ಫೋಟೋ ಕೇಳಿ. ನಿಜವಾಗಿ ಕೆಲಸ ಮಾಡಿಸಿದವರ ಹತ್ತಿರ ಫೋಟೋ ರಾಶಿ ಇರುತ್ತದೆ, ಬೇಡ ಅಂದರೂ ತೋರಿಸುತ್ತಾರೆ.

ಮತ್ತೊಬ್ಬರು

ಸರ್, ನಾನು 1966ರ ಮಸ್ಟ್ಯಾಂಗ್ ನೋಡುತ್ತಿದ್ದೇನೆ. ಅದಕ್ಕೂ ಇದೇ ಕಥೆನಾ?

ಉತ್ತರ

ನಿಮ್ಮ ಕೆಲಸ ಸುಲಭ. ಫೋರ್ಡ್‌ನವರು ವಿನ್‌ನ ಐದನೇ ಅಕ್ಷರದಲ್ಲೇ ಎಂಜಿನ್ ಹೇಳಿಬಿಟ್ಟಿದ್ದಾರೆ. 66ರಲ್ಲಿ ಸಿ ಅಂದರೆ 200 ಕುದುರೆ ಶಕ್ತಿಯ 289 ಘನ ಇಂಚಿನ ವಿ8, ಎ ಅಂದರೆ ಅದೇ ಎಂಜಿನ್ 225 ಕುದುರೆ ಶಕ್ತಿಯದು, ಕೆ ಅಂದರೆ 271ರದು. ಟಿ ಅಂದರೆ ಆರು ಸಿಲಿಂಡರ್. ಮಸ್ಟ್ಯಾಂಗ್‌ಗೆ ಬೇರೆ ಫ್ರೇಮ್ ಇಲ್ಲ, ಹಾಗಾಗಿ ತುಕ್ಕು ಇನ್ನೂ ಅಪಾಯ. ವಿಂಡ್‌ಶೀಲ್ಡ್ ಕೆಳಗಿನ ಗಾಳಿ ಕಿಂಡಿಗೆ ಒಂದು ಬಾಟಲಿ ನೀರು ಸುರಿಯಿರಿ. ಒಳಗೆ ಕಾಲಿಡುವ ಜಾಗದಲ್ಲಿ ತೊಟ್ಟಿಕ್ಕಿದರೆ ಆ ಕಿಂಡಿಯ ಒಳಗಿನ ತಗಡು ಹೋಗಿದೆ, ಅದನ್ನು ಸರಿ ಮಾಡಲು ಮುಂಭಾಗ ಎಲ್ಲ ಬಿಚ್ಚಬೇಕು. ಪಾಂಟಿಯಾಕ್ ಜಿಟಿಒ ನೋಡುವವರಿಗೂ ಒಂದು ಮಾತು, 1966ರಿಂದ 71ರವರೆಗಿನ ಅಸಲಿ ಜಿಟಿಒ ವಿನ್ 242 ಅಂತ ಶುರುವಾಗುತ್ತದೆ, ಜೊತೆಗೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನಿಂದ ಆ ಕಾರಿನ ಹಳೇ ಬಿಲ್ಲಿನ ಪ್ರತಿ ತರಿಸಬಹುದು. ಷೆವರ್ಲೆಯವರಿಗೆ ಆ ಭಾಗ್ಯ ಇಲ್ಲ.

ಪ್ರಶ್ನೆ ಕೇಳಿದವರು

ಸರ್, ಹೋಗಿ ಬಂದೆ. 12 ಬೋಲ್ಟ್ ಇದೆ, ಡಿಸ್ಕ್ ಬ್ರೇಕ್ ಇದೆ, ಪೈಪ್ 3/8. ಎಂಜಿನ್ ನಂಬರ್ ಜಾಗ ನುಣ್ಣಗಿದೆ, ಏನೂ ಇಲ್ಲ. "ರೀಬಿಲ್ಡ್‌ನಲ್ಲಿ ಹೋಯ್ತು" ಅಂದರು. ಗೇರ್‌ಬಾಕ್ಸ್ ಮೇಲೆ ವಿನ್ ನಂಬರ್ ಸರಿಹೋಯಿತು. ಹಿಂದಿನ ಗಾಜಿನ ಮೂಲೆಯಲ್ಲಿ ಸ್ವಲ್ಪ ತುಕ್ಕು, ಫ್ರೇಮ್ ಗಟ್ಟಿ. ಟೈಟಲ್ (ಮಾಲೀಕತ್ವದ ಪತ್ರ) ಬೇರೆಯವರ ಹೆಸರಲ್ಲಿದೆ, "ತಮ್ಮನದು" ಅಂತಾರೆ. ತಗೊಳ್ಳಲಾ?

ಉತ್ತರ

ಗೇರ್‌ಬಾಕ್ಸ್ ಸರಿಹೋಗಿದ್ದು ಒಳ್ಳೆಯದು, ನಾಲ್ಕು ಗೇರಿನ ಕಾರಾಗಿಯೇ ಹುಟ್ಟಿದೆ ಅಂತಾಯಿತು. ಒಟ್ಟಾರೆ ಅಸಲಿ ಎಸ್‌ಎಸ್ ಇರುವ ಸಾಧ್ಯತೆ ಇದೆ. ಆದರೆ ನಂಬರ್ಸ್ ಮ್ಯಾಚಿಂಗ್ ಅಂತ ಅವರು ಹಾಕಿದ್ದು ಸಾಬೀತಾಗಲಿಲ್ಲ, ಬಿಲ್ಡ್ ಶೀಟೂ ಇಲ್ಲ. ಆ ಎರಡು ಪದಕ್ಕೆ ಸೇರಿಸಿದ ದುಡ್ಡು ಕಳೆದು ಮಾತಾಡಿ. ಹಳೇ ಕಾರುಗಳಿಗೆ ವಿಮೆ ಮಾಡುವ ಹ್ಯಾಗರ್ಟಿಯವರ ವೆಬ್‌ಸೈಟ್‌ನಲ್ಲಿ ಇದೇ ಮಾಡೆಲ್‌ಗೆ ಒಂದರಿಂದ (ಅತ್ಯುತ್ತಮ) ನಾಲ್ಕರವರೆಗೆ ದರ್ಜೆ ಪ್ರಕಾರ ಬೆಲೆ ಇರುತ್ತದೆ, ತುಕ್ಕು ಸೇರಿಸಿ ನಿಮ್ಮದು ಮೂರನೇ ದರ್ಜೆ. ಒಂದು ಕೆಲಸ ಬಾಕಿ ಇದೆ, ಟ್ಯಾಂಕ್ ಇಳಿಸಿ ಮೇಲ್ಭಾಗ ನೋಡಲು ಒಪ್ಪುತ್ತಾರಾ ಕೇಳಿ. ಎಷ್ಟೋ ಓನರ್‌ಗಳು ಅಲ್ಲಿ ನೋಡಿಯೇ ಇರಲ್ಲ.

ಟೈಟಲ್ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ತಮ್ಮನ ಹೆಸರಲ್ಲಿದ್ದರೆ ತಮ್ಮನೇ ಬಂದು ನಿಮ್ಮ ಮುಂದೆ ಸಹಿ ಹಾಕಲಿ. ಓಹಾಯೋದಲ್ಲಿ ಟೈಟಲ್ ಸಹಿಗೆ ನೋಟರಿ ಬೇಕು, ಹೇಗೂ ಅವನು ಬರಲೇಬೇಕು. ಟೈಟಲ್‌ನಲ್ಲಿರುವ ವಿನ್‌ನ 13 ಅಕ್ಷರ ಮತ್ತು ಡ್ಯಾಶ್ ಮೇಲಿನ ಪ್ಲೇಟ್ ಒಂದೊಂದಾಗಿ ಹೋಲಿಸಿ. 17 ಅಕ್ಷರದ ವಿನ್ ಬಂದದ್ದು 1981ರಲ್ಲಿ, ಹಾಗಾಗಿ ಇದಕ್ಕೆ ಸಾಮಾನ್ಯ ಆನ್‌ಲೈನ್ ಹಿಸ್ಟರಿ ರಿಪೋರ್ಟ್ ಸಿಗಲ್ಲ, ಟೈಟಲ್ ಒಂದೇ ಗತಿ. ಪ್ಲೇಟಿನ ರಿವೆಟ್ ಹೂವಿನ ಆಕಾರದಲ್ಲಿರಬೇಕು, ಸಾದಾ ಗುಂಡು ರಿವೆಟ್ ಇದ್ದರೆ ಪ್ಲೇಟ್ ಒಮ್ಮೆ ಕಿತ್ತಿದ್ದಾರೆ ಅಂತ, ಆಗ ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ.

ಇದೆಲ್ಲ ಸರಿ ಇದ್ದು, 62ರಿಂದ ಚೆನ್ನಾಗಿ ಕೆಳಗಿಳಿದರೆ ತಗೊಳ್ಳಿ. ತಮ್ಮ ಬರಲು ಒಪ್ಪುವವರೆಗೆ ಅಡ್ವಾನ್ಸ್ ಕೊಡಬೇಡಿ.