ಸಹಾಯ ಬೇಕು: ಹೊಸ ಸಂತೆ ಮಾರುಕಟ್ಟೆಯಲ್ಲಿ ಹೊರಊರಿನ ವಿಳಾಸದವರಿಗೆ ಜಾಗ ಸಿಗುವುದೇ?

ಎಲ್ಲರಿಗೂ ನಮಸ್ಕಾರ. ಪಿರಿಯಾಪಟ್ಟಣದ ಕಡೆಯಿಂದ ಕೊಡಗಿಗೆ ಬಂದ ನಾನು ಹನ್ನೊಂದು ವರ್ಷಗಳಿಂದ ಇಲ್ಲಿನ ವಾರದ ಸಂತೆಯಲ್ಲಿ ತರಕಾರಿ ಮಾರುತ್ತಿದ್ದೇನೆ. ಪಕ್ಕದಲ್ಲಿ ಕೇರಳದಿಂದ ಬಂದ ಒಣಮೀನಿನವರು, ತಮಿಳುನಾಡಿನ ಪಾತ್ರೆಯವರು ಇದ್ದಾರೆ. ಹೊಸ ಮಾರುಕಟ್ಟೆಯ ನಕ್ಷೆ ಬಂದಾಗ, ಆಷಾಢದ ಎರಚಲಿಗೆ ಸೊಪ್ಪು ಕೊಳೆಯದಂತೆ ಚಾವಣಿ ಮುಂದಕ್ಕೆ ಚಾಚಿರಬೇಕೆಂದು ಬರೆದುಕೊಟ್ಟವರು ನಾವೇ, ಅದನ್ನು ಒಪ್ಪಿದ್ದೂ ಆಯಿತು. ಈಗ ಆಧಾರ್‌ನಲ್ಲಿ ಹೊರಊರಿನ ವಿಳಾಸವಿರುವವರಿಗೆ ಜಾಗವಿಲ್ಲವೆಂದು ಬಾಯಿಮಾತಿನಲ್ಲಿ ಹೇಳುತ್ತಿದ್ದಾರೆ (ಬರೆದುಕೊಡಿ ಎಂದರೆ ಕೊಡುವುದಿಲ್ಲ). ಸುಂಕದ ರಶೀದಿಗಳನ್ನು ಲಗತ್ತಿಸಿ ಎರಡು ಬಾರಿ ಅರ್ಜಿ ಸಲ್ಲಿಸಿದರೂ ಉತ್ತರವಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ವಾರಕ್ಕೊಮ್ಮೆ ಕೂರುವ ನಮ್ಮಂಥವರನ್ನೂ ಆ ಸಮೀಕ್ಷೆಗೆ ಸೇರಿಸುತ್ತಾರೆಯೇ, ಹೊರಊರಿನ ವಿಳಾಸವಿಟ್ಟುಕೊಂಡೇ ಪ್ರಮಾಣಪತ್ರ ಪಡೆದವರು ಇಲ್ಲಿದ್ದರೆ ಯಾವ ದಾಖಲೆ ಕೊಟ್ಟಿರಿ?