ಸಹಾಯ ಬೇಕು: ಟೆಕ್ಸಾಸ್‌ನ ಜರ್ಮನ್ ಮನೆತನಗಳ ನೆನಪುಗಳನ್ನು ರೆಕಾರ್ಡ್ ಮಾಡಲು

ಎಲ್ಲರಿಗೂ ನಮಸ್ಕಾರ. ನಾನಿರುವುದು ಟೆಕ್ಸಾಸ್‌ನ ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ. ಜರ್ಮನಿಯಿಂದ ಹಡಗು ಹತ್ತಿ ಬಂದವರು 1845ರಲ್ಲಿ ಕಟ್ಟಿದ ಊರಿದು. ಆ ಮನೆತನಗಳ ಹಿರಿಯರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ರೆಕಾರ್ಡ್ ಮಾಡುವ ಕೆಲಸಕ್ಕೆ ಸೇರಿದ್ದೇನೆ. ಮುಂದಿನ ತಿಂಗಳು ಮೊದಲ ಭೇಟಿ.

ಇವರಾಡುವ ಜರ್ಮನ್ನೇ ಬೇರೆ. ವಿಮಾನಕ್ಕೆ 'ಲುಫ್ಟ್‌ಶಿಫ್' ಅಂತಾರೆ, ಅಂದ್ರೆ ಗಾಳಿಹಡಗು. ಸ್ಕಂಕ್ ಅನ್ನೋ ಪ್ರಾಣಿಗೆ 'ಷ್ಟಿಂಕ್‌ಕಾಟ್ಸೆ', ನಾರುವ ಬೆಕ್ಕು! ಪಕ್ಕದ ಮನೆಯ ಅಜ್ಜಿ ಇದನ್ನು ಹೇಳಿ, ಸೆರಗಿಲ್ಲದಿದ್ದರೂ ನಮ್ಮಜ್ಜಿಯ ಹಾಗೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆವತ್ತೇ ಈ ಕೆಲಸಕ್ಕೆ ಸೇರಬೇಕು ಅಂತ ಅನ್ನಿಸಿತು.

ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಮಾತಾಡುವವರನ್ನು ಇಲ್ಲಿ ಅನುಮಾನದಿಂದ ನೋಡುತ್ತಿದ್ದರು. 1918ರಲ್ಲಿ ಶಾಲೆಗಳಲ್ಲಿ ಇಂಗ್ಲಿಷ್‌ನಲ್ಲೇ ಪಾಠ ಮಾಡಬೇಕೆಂದು ಕಾನೂನೂ ಬಂತು. ಆಮೇಲೆ ಮಕ್ಕಳಿಗೆ ಮನೆಮಾತು ಕಲಿಸುವುದು ಕಡಿಮೆಯಾಗುತ್ತಾ ಹೋಯಿತು. ಈಗ ಅದನ್ನಾಡುವವರು ಹೆಚ್ಚಾಗಿ ವಯಸ್ಸಾದವರೇ. ತಡ ಮಾಡಿದರೆ ಕೇಳೋಕೆ ಯಾರೂ ಇರಲ್ಲ, ಅಲ್ವಾ?

ನಿಮ್ಮಲ್ಲಿ ಜರ್ಮನ್ ಚೆನ್ನಾಗಿ ಬರುವವರು ಇದ್ದೀರಾ? ರೆಕಾರ್ಡಿಂಗ್ ಕೇಳಿ, ನಾನು ಬರೆದಿದ್ದು ಸರಿಯಾ ಅಂತ ನೋಡಿಕೊಡಬೇಕು. ವಾರಕ್ಕೆ ಒಂದು ಗಂಟೆ ಸಾಕು. ಹಾಗೇ, ಹಳ್ಳಿಗಳಲ್ಲಿ ಜನಪದ ಹಾಡು, ಕಥೆ ಸಂಗ್ರಹಿಸಿದ ಅನುಭವ ಇರುವವರು ದಯವಿಟ್ಟು ಹೇಳಿ: ಆ ಯುದ್ಧಕಾಲದ ಅವಮಾನದಂಥ ನೋವಿನ ವಿಷಯವನ್ನು ಹಿರಿಯರ ಹತ್ತಿರ ಹೇಗೆ ಎತ್ತುತ್ತೀರಿ? ಅವರು ಸುಮ್ಮನಾದರೆ ಕಾಯಬೇಕಾ, ಮಾತು ಬದಲಿಸಬೇಕಾ? ನನಗೆ ಜಾಸ್ತಿ ಭಯ ಇರೋದು ಇದರ ಬಗ್ಗೆಯೇ.